ನಿಂತಲ್ಲಿ ಬದಲಾಗದ ಗೇರು

ಆ ವರ್ಷ ಫೆಬ್ರುವರಿಯಿಂದ ಮೇ ತಿಂಗಳ ಕೊನೆಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದು ಸೈಕಲ್ಲಿನ ಹಿಂದಿನ ಗಾಲಿ. ಅನ್ನ ಕಲಸುವಾಗ, ಲ್ಯಾಬಿನಲ್ಲಿ ಮಣ್ಣು ತೂಗುವಾಗ, ಟಿಳಕವಾಡಿಯ ರೈಲ್ವೆ ಗೇಟಿನ ಈಚೆ ನಿಂತು ಕಾಯುವಾಗ ಆ ಗಾಲಿ ತಿರುಗುತ್ತಲೇ ಇರುತ್ತಿತ್ತು. ಬ್ಯಾಟರಿ ಸೈಕಲ್ ಕೊಳ್ಳುವುದು ಖಚಿತವಾಗಿತ್ತು. ಅದರ ಗೇರು ಹೊರಗಿನದಿರಬೇಕೋ ಒಳಗಿನದೋ ಎಂಬುದೊಂದೇ ಬಾಕಿ. ಅಷ್ಟು ಸಣ್ಣ ಪ್ರಶ್ನೆಗೆ ನಾನು ನಾಲ್ಕು ತಿಂಗಳು ತೆಗೆದುಕೊಂಡೆ. ಆ ನಾಲ್ಕು ತಿಂಗಳೂ ಮಾಮಾ ತಾವು ಓಡಿಸಬಾರದಿದ್ದ ಸ್ಕೂಟರನ್ನು ಓಡಿಸಿದರು.

ಮಾಮಾ ಎಂದರೆ ಅವ್ವನ ಅಣ್ಣ. ಬೆಳಗಾವಿಯ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಗೇರಿನ ಹಲ್ಲು ಕಡಿಯುವ ಮಷಿನ್ನಿನ ಮುಂದೆ ನಿಂತವರು. ನಿವೃತ್ತಿಯಾದ ಮೇಲೆ ಖಾನಾಪುರದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಮನೆಯಲ್ಲಿ, ಮಾಮಿಯ ಜೊತೆ ಇದ್ದಾರೆ. ನಾನು ಅವ್ವನ ಜೊತೆ ಟಿಳಕವಾಡಿಯಲ್ಲಿದ್ದೇನೆ. ಭೂವಿಜ್ಞಾನ ಓದಿದವಳು; ಕೆಲಸ ಸಿಕ್ಕಿದ್ದು ಖಾನಾಪುರದ ಆಚೆಯ ಒಂದು ಹೆಂಚಿನ ಕಾರ್ಖಾನೆಯ ಲ್ಯಾಬಿನಲ್ಲಿ. ಹೊಲಗಳಿಂದ ಬಂದ ಮಣ್ಣನ್ನು ಕಲಸಿ, ಪಟ್ಟಿಯಾಗಿ ತಟ್ಟಿ, ಒಣಗಿಸಿ, ಸುಟ್ಟು, ಅದು ಎಷ್ಟು ಕುಗ್ಗಿತೆಂದು ಅಳೆಯುವುದು ನನ್ನ ಕೆಲಸ. ಅರ್ಧ ಮಿಲಿಮೀಟರ್ ತಪ್ಪಿದರೆ ಹೆಂಚು ಹೆಂಚಿನ ಮೇಲೆ ಕೂರುವುದಿಲ್ಲ. ಬೆಳಗಿನ ಲೋಂಡಾ ಕಡೆಯ ಪ್ಯಾಸೆಂಜರ್ ಹಿಡಿದು ಖಾನಾಪುರಕ್ಕೆ ಇಳಿದರೆ ಅಲ್ಲಿಂದ ಕಾರ್ಖಾನೆಗೆ ಏಳು ಕಿಲೋಮೀಟರ್. ಕೆಲಸಕ್ಕೆ ಸೇರಿದ ದಿನದಿಂದ ಆ ಏಳು ಕಿಲೋಮೀಟರ್ ಮಾಮಾನ ಸ್ಕೂಟರಿನ ಹಿಂದಿನ ಸೀಟು.

ಫೆಬ್ರುವರಿಯಲ್ಲಿ ಅವರು ಕಣ್ಣು ತೋರಿಸಲು ಬೆಳಗಾವಿಗೆ ಬಂದರು. ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಂಡಿದ್ದರು. ಜೊತೆಗೆ ಹೋದವಳು ನಾನು. ಒಂದು ಯಂತ್ರದೊಳಗೆ ಮುಖವಿಟ್ಟು, ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ಮಾಮಾ ಬಹಳ ಹೊತ್ತು ಒತ್ತದೆ ಕುಳಿತಿದ್ದರು. ಯಂತ್ರ ಇನ್ನೂ ಶುರುವಾಗಿಲ್ಲವೆಂದು ನಾನು ತಿಳಿದಿದ್ದೆ.

ಡಾಕ್ಟರು ಕಾಗದ ತಿರುಗಿಸಿ ತೋರಿಸಿದರು. “ಎರಡೂ ಬಾಜೂಲಿಂದ ಪರದೆ ಎಳದಂಗ ಆಗೈತಿ ನೋಡ್ರಿ. ಮುಂದಿಂದು ಛೊಲೋ ಕಾಣತೈತಿ, ಅದಕ್ಕ ನಿಮಗ ಗೊತ್ತಾಗಿಲ್ಲ. ಹನಿ ಹಾಕಿದ್ರ ಇದ್ದದ್ದು ಉಳೀತೈತಿ. ಹೋದದ್ದು ಬರೂದಿಲ್ಲ. ಗಾಡಿ ಓಡಸೂದ ಬಿಡ್ರಿ.”

“ಒಮ್ಮೆಲೇ ಬಿಡಬೇಕೇನ್ರಿ?” ಎಂದರು ಮಾಮಾ, ಅದು ಚಹಾವೋ ಎಲೆ ಅಡಿಕೆಯೋ ಎಂಬಂತೆ.

“ಹೋದ ವರ್ಷನ ಬಿಡಬೇಕಿತ್ತು.”

ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತೆವು. ಅವರು ಗ್ಲಾಸು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ನನ್ನ ಕಡೆ ಪೂರಾ ಮುಖ ತಿರುಗಿಸಿದರು. ಈಚೆಗೆ ಅವರು ಮಾತಾಡುವಾಗ ಹಾಗೆ ಪೂರಾ ತಿರುಗುತ್ತಿದ್ದರು. ಅದೇಕೆಂದು ನನಗೆ ಆಗ ಹೊಳೆಯಿತು.

“ಮನ್ಯಾಗ ಹೇಳಬ್ಯಾಡ. ನಿಮ್ಮ ಮಾಮಿಗೂ ಬ್ಯಾಡ, ನಿಮ್ಮವ್ವಗೂ ಬ್ಯಾಡ. ಹನಿ ಹಾಕ್ಕೋತೀನಿ, ನೆಗಡಿ ಆತಂತ ಹೇಳ್ತೀನಿ.”

“ನೆಗಡಿಗೆ ಕಣ್ಣಾಗ ಹನಿ ಯಾರ ಹಾಕ್ತಾರ ಮಾಮಾ?”

“ಉರೀತಾವಂತ ಹೇಳ್ತೀನಿ. ಮತ್ತ ಗಾಡಿ... ಅದೇನೋ ಬ್ಯಾಟರಿ ಸೈಕಲ್ ತಗೋತೀನಿ ಅಂತಿದ್ದೆಲ್ಲ ನೀ, ಅದು ಬರೂತನಾ ಅಷ್ಟ. ಅದು ಬಂದ ದಿನ ಚಾವಿ ಗೂಟಕ್ಕ ಹಾಕ್ತೀನಿ. ಮುಟ್ಟಿದ್ರ ಕೇಳು.”

ನಾನು ಒಪ್ಪಿದೆ. ಮಾತು ಕೊಡುವುದು ನನಗೆ ಸುಲಭ. ನನ್ನೊಳಗಿನದನ್ನು ಯಾರಿಗೂ ಹೇಳದೆ ಇರುವ ಅಭ್ಯಾಸ ಮೊದಲಿನಿಂದ ಇದೆ. ಆದರೆ ಅಂದಿನಿಂದ ಸೈಕಲ್ಲಿನ ಪ್ರಶ್ನೆ ನನ್ನೊಬ್ಬಳದಾಗಿ ಉಳಿಯಲಿಲ್ಲ.

ಆಟೋದಲ್ಲಿ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮರುದಿನವೇ ಹೋದೆ. ಸ್ಟೇಷನ್ನಿನ ಮುಂದೆ ಮಾಮಾ ಸ್ಕೂಟರ್ ಹಿಡಿದು ನಿಂತಿದ್ದರು. ಇನ್ನು ಮೇಲೆ ಆಟೋದಲ್ಲಿ ಹೋಗುತ್ತೇನೆ ಎಂದೆ. “ಹೋಗು” ಎಂದರು. ಅರ್ಧ ದಾರಿಯಲ್ಲಿ ಆಟೋದವನು ಕನ್ನಡಿ ನೋಡಿ, “ಹಿಂದ ಒಬ್ಬರು ಅಜ್ಜಾರು ಬೆನ್ನ ಹತ್ತ್ಯಾರಲ್ರೀ, ನಿಮ್ಮ ಪೈಕಿ ಏನ್?” ಎಂದ. ಅವರು ಕಾರ್ಖಾನೆಯ ಗೇಟಿನವರೆಗೆ ಹಿಂದೆಯೇ ಬಂದರು. ಆಟೋದವನು ಸರಿಯಾಗಿ ಕರೆದೊಯ್ಯುತ್ತಾನೋ ಇಲ್ಲವೋ ನೋಡಲು. ಎರಡನೆಯ ದಿನವೂ ಅದೇ ಆಯಿತು. ಅವರು ಒಬ್ಬರೇ ಓಡಿಸುವುದಕ್ಕಿಂತ ನಾನು ಹಿಂದೆ ಕುಳಿತಿರುವುದೇ ವಾಸಿ ಎಂದು ಮೂರನೆಯ ದಿನ ಸ್ಕೂಟರ್ ಹತ್ತಿದೆ. ಸ್ಕೂಟರನ್ನು ನಾನೇ ಓಡಿಸುವ ಮಾತು ಬರುವಂತಿರಲಿಲ್ಲ. ಕಾಲೇಜಿನಲ್ಲಿದ್ದಾಗ ಕಲಿಯಲು ಹೋಗಿ ರೈಲ್ವೆ ಗೇಟಿನ ಹತ್ತಿರ ಬಿದ್ದ ಮೇಲೆ ಆ್ಯಕ್ಸಿಲರೇಟರ್ ಹಿಡಿದರೆ ನನ್ನ ಕೈ ತಿರುಗುವುದಿಲ್ಲ. ಮಾಮಾ ಹಿಂದೆ ಕೂರುವ ಮನುಷ್ಯರೂ ಅಲ್ಲ. ಸೈಕಲ್ ಮಾತ್ರ ಶಾಲೆಯಿಂದ ನನ್ನ ಕಾಲಿಗೆ ಗೊತ್ತು. ಬರಿಯ ಸೈಕಲ್ಲಿನಲ್ಲಿ ಕಾರ್ಖಾನೆಯ ಏರು ಹತ್ತಿ ಹೊತ್ತಿಗೆ ಸರಿಯಾಗಿ ಲ್ಯಾಬಿನಲ್ಲಿರುವುದು ಆಗದ ಮಾತು.

ಹೀಗೆ ನಾನು ಮಾಮಾನ ಬದಿಯ ಕಣ್ಣಾದೆ. ನೇರವಾಗಿ ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಸುತ್ತು ಬಳಸಿ ಹೇಳಬೇಕು.

“ಮಾಮಾ, ಬಲಕ್ಕ ಆ ಎಮ್ಮಿ ನೋಡ್ರಿ, ಎಷ್ಟ ಕರ್ರಗೈತಿ.”

“ಎಮ್ಮಿ ಕರ್ರಗಿರದ ಮತ್ತೇನ ಹಳದಿ ಇರತೈತೇನು?” ಎನ್ನುತ್ತಿದ್ದರು. ವೇಗ ಮಾತ್ರ ಕಡಿಮೆಯಾಗುತ್ತಿತ್ತು.

“ಎಡಕ್ಕ ಟ್ರ್ಯಾಕ್ಟರಿಗೆ ಹೊಸಾ ಬಣ್ಣ ಹಚ್ಚ್ಯಾರ.”

“ಕಾರ್ಖಾನ್ಯಾಗ ಇಷ್ಟ ಮಾತಾಡ್ತಿಯೇನು ನೀ? ಮೊದಲ ಬಾಯಾಗ ಮಾತ ಇರಲಿಲ್ಲ.”

ನಿಜ, ಇರಲಿಲ್ಲ. ಎರಡು ವರ್ಷದಲ್ಲಿ ಆಡದಷ್ಟು ಮಾತನ್ನು ಎರಡು ವಾರದಲ್ಲಿ ಆಡಿದೆ. ಸ್ಕೂಟರಿನಿಂದ ಇಳಿದಾಗ ನನ್ನ ದವಡೆ ನೋಯುತ್ತಿತ್ತು. ಅದು ಮಾತಿನಿಂದಲ್ಲ, ಹಲ್ಲು ಕಚ್ಚಿ ಹಿಡಿದದ್ದರಿಂದ.

ಸೈಕಲ್ ಅಂಗಡಿ ಬೆಳಗಾವಿಯ ಪೇಟೆಯಲ್ಲಿ. ಅದರ ಮಾಲಕರು ಫೋನಿನಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಲೆಕ್ಕ ಹಾಕುವಾಗ ಮತ್ತೆ ಮರಾಠಿ. ಶನಿವಾರ ನನಗೆ ಅರ್ಧ ದಿನದ ಕೆಲಸ. ಸಂಜೆಯ ಹೊತ್ತಿಗೆ ಅಂಗಡಿಗೆ ಹೋಗುತ್ತಿದ್ದೆ. ಅವರು ಎರಡು ಗಾಲಿಗಳನ್ನು ಕೌಂಟರಿನ ಮೇಲೆ ಇಟ್ಟು ತೋರಿಸಿದರು. ಒಂದು ಎಲ್ಲರೂ ಕಂಡಿರುವಂಥದು: ಹಿಂದಿನ ಗಾಲಿಗೆ ಒಂದರ ಮೇಲೊಂದು ಹಲ್ಲಿನ ಚಕ್ರಗಳು, ದೊಡ್ಡದರಿಂದ ಚಿಕ್ಕದಕ್ಕೆ; ಒಂದು ಸಣ್ಣ ತೋಳು ಚೈನನ್ನು ಚಕ್ರದಿಂದ ಚಕ್ರಕ್ಕೆ ದೂಡುತ್ತದೆ. ಇದು ಹೊರಗಿನ ಗೇರು. ಇನ್ನೊಂದರಲ್ಲಿ ಹೊರಗೆ ಕಾಣುವುದು ಒಂದೇ ಹಲ್ಲಿನ ಚಕ್ರ. ಮಿಕ್ಕಿದ್ದೆಲ್ಲ ಗಾಲಿಯ ನಡುವಿನ ದಪ್ಪ ಉಕ್ಕಿನ ಡಬ್ಬಿಯೊಳಗೆ ಮುಚ್ಚಿಕೊಂಡಿದೆ. ಇದು ಒಳಗಿನ ಗೇರು. ಕಣ್ಣಿಗೆ ಕಾಣಿಸದ, ಅಚ್ಚುಕಟ್ಟಾದ ಈ ಎರಡನೆಯದು ನನಗೆ ನೋಡಿದ ಕೂಡಲೇ ಹಿಡಿಸಿತು. ಹಿಡಿಸಿದ್ದನ್ನು ನಾನು ಸುಲಭವಾಗಿ ನಂಬುವುದಿಲ್ಲ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿದೆ.

ಮಣ್ಣಿನ ವಿಷಯದಲ್ಲಿ ಒಳಗಿನದೇ ಗೆಲ್ಲುತ್ತಿತ್ತು. ನಮ್ಮ ಕೆಂಪು ಮಣ್ಣು ಹಸಿ ಇದ್ದಾಗ ಎಲ್ಲಿ ಬೇಕಾದರೂ ನುಗ್ಗುತ್ತದೆ, ಒಣಗಿದರೆ ಅಲ್ಲೇ ಕಲ್ಲಾಗುತ್ತದೆ. ಹೊರಗಿನ ಗೇರಿನ ಹಲ್ಲುಗಳ ನಡುವೆ ಅದು ಏನು ಮಾಡುತ್ತದೆಂದು ನನಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ರಿಪೇರಿಯ ವಿಷಯದಲ್ಲಿ ಹೊರಗಿನದು. ಅದನ್ನು ಖಾನಾಪುರದ ಯಾವ ಪಂಕ್ಚರ್ ಅಂಗಡಿಯವನೂ ಬಿಚ್ಚಿ ಕೂಡಿಸಬಲ್ಲ. ಒಳಗಿನದು ಕೆಟ್ಟರೆ ಗಾಲಿಯನ್ನೇ ಪುಣೆಗೆ ಕಳಿಸಬೇಕು. ಇಲ್ಲಿಗೆ ಸಮ. ಮೂರನೆಯದು ನಿಲ್ಲುವ ವಿಷಯ. ಹೊರಗಿನ ಗೇರು ಪೆಡಲ್ ತುಳಿಯುತ್ತಿದ್ದರೆ ಮಾತ್ರ ಬದಲಾಗುತ್ತದೆ. ಭಾರದ ಗೇರಿನಲ್ಲಿ ಹೋಗುತ್ತಿದ್ದು ಥಟ್ಟನೆ ನಿಂತರೆ, ಮತ್ತೆ ಹೊರಡುವಾಗ ಅದೇ ಭಾರದಲ್ಲಿ ಹೊರಡಬೇಕು. ಒಳಗಿನ ಗೇರನ್ನು ನಿಂತಲ್ಲೇ ಹಗುರ ಮಾಡಿಕೊಳ್ಳಬಹುದು. ಪದೇ ಪದೇ ನಿಲ್ಲುವ ದಾರಿಗೆ ಒಳಗಿನದು, ಸರಾಗ ದಾರಿಗೆ ಹೊರಗಿನದು.

ಹಾಗಾದರೆ ನನ್ನ ದಾರಿ ಯಾವುದು? ಎಣಿಸಬೇಕು.

ಕಾರ್ಖಾನೆಯಲ್ಲಿ ಲಾರಿಗೆ ಹೆಂಚು ತುಂಬುವಾಗ ಎಣಿಸಲು ಅಂಗೈಯಲ್ಲಿ ಹಿಡಿಯುವ ಒಂದು ಚಿಕ್ಕ ಯಂತ್ರವಿದೆ. ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎನ್ನುತ್ತದೆ, ಅಂಕಿ ಒಂದು ಮುಂದೆ ಹೋಗುತ್ತದೆ. ಅಂಥದೊಂದನ್ನು ಕೇಳಿ ತೆಗೆದುಕೊಂಡೆ. ಮಾರ್ಚ್ ಮೊದಲ ವಾರದಿಂದ ಸ್ಕೂಟರ್ ನಿಂತು ಮಾಮಾನ ಕಾಲು ನೆಲಕ್ಕೆ ತಾಗಿದಾಗಲೆಲ್ಲ ಒಮ್ಮೆ ಒತ್ತಿದೆ. ಲ್ಯಾಬಿಗೆ ಹೋಗಿ ಅಂಕಿ ಬರೆದುಕೊಂಡೆ. ಮೊದಲ ವಾರ ದಿನಕ್ಕೆ ಎಂಟು, ಒಂಬತ್ತು. ಏಪ್ರಿಲ್‌ನಲ್ಲಿ ಹನ್ನೊಂದು. ಮೇ ಹೊತ್ತಿಗೆ ಹದಿನಾಲ್ಕು. ಮದುವೆಗಳ ಕಾಲ, ಗಾಡಿಗಳು ಜಾಸ್ತಿ ಎಂದು ಒಂದು ಕಾರಣ ಬರೆದೆ. ಪೈಪಿಗಾಗಿ ರಸ್ತೆ ಅಗೆದಿದ್ದಾರೆ ಎಂದು ಇನ್ನೊಂದು. ಎರಡೂ ಸುಳ್ಳಲ್ಲ.

ಮಾಮಾನನ್ನೂ ಕೇಳಿದೆ. ಗೇರಿನ ವಿಷಯದಲ್ಲಿ ಅವರನ್ನು ಕೇಳದೆ ಇರುವುದು ಅವಮಾನ ಮಾಡಿದಂತೆ.

“ಹೊರಗಿಂದ ತಗೋ” ಎಂದರು, ಪ್ರಶ್ನೆ ಮುಗಿಯುವ ಮೊದಲೇ. “ಮುಚ್ಚಿದ್ದರಾಗ ಏನ್ ನಡದೈತಿ ಅಂತ ಯಾರಿಗೆ ಗೊತ್ತು? ಮೂವತ್ತ ವರ್ಷ ಹಲ್ಲ ಕಡದೀನಿ. ಸವದದ್ದು ಕೈಗೆ ಹತ್ತಬೇಕು ನೋಡು. ಕೈಗೆ ಹತ್ತಿದ್ರ ಅರ್ಧಾ ರಿಪೇರಿ ಆದಂಗ.”

“ಮಣ್ಣು ಕೂಡತೈತಿ ಮಾಮಾ.”

“ಒರಸಿದ್ರಾತು. ನಾ ಒರಸ್ತೀನಿ. ಸೈಕಲ್ ನಮ್ಮ ಮನ್ಯಾಗ ಇರೂದು, ಅಲ್ಲೇನ?”

ನಾನು ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡೆ. ಆದರೆ ಅವರ ಮಾತಿಗೆ ಎಷ್ಟು ಅಂಕ ಕೊಡಬೇಕೆಂದು ತಿಳಿಯಲಿಲ್ಲ.

ಅಂಗಡಿಯವರಿಗೆ ನನ್ನ ಮೇಲೆ ಸಲುಗೆ ಬೆಳೆಯಿತು. “ಬರ್ರಿ ಮ್ಯಾಡಮ್, ಕುಂದರ್ರಿ. ಈ ವಾರ ಯಾವ ಕಡೆ ವಾಲೀರಿ?” ಎನ್ನುತ್ತಿದ್ದರು. ಒಮ್ಮೆ ಅಲ್ಲಿದ್ದ ಇನ್ನೊಬ್ಬ ಗಿರಾಕಿಗೆ ನನ್ನನ್ನು ತೋರಿಸಿ, “ವರಾ ನೋಡಾಕ ಸುದ್ದಾ ಇಷ್ಟ ಸಲ ಬರೂದಿಲ್ಲ ಮಂದಿ. ಇವರು ಒಂದ ಗಾಲಿ ನೋಡಾಕ ಬರಾಕತ್ತು ಮೂರ ತಿಂಗಳಾತು” ಎಂದರು. ನಾನು ನಗಲಿಲ್ಲ. ಬಿಸಿ ಕಬ್ಬಿಣದ ಹಂಚಿನ ಮೇಲೆ ನಿಂತವಳಂತೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದೆ. ಬೇಗ ನಿರ್ಧರಿಸು ಎಂದು ನನ್ನನ್ನು ತಳ್ಳುತ್ತಿದ್ದ ಕಾರಣವೇ, ತಪ್ಪು ನಿರ್ಧಾರ ಮಾಡಬೇಡ ಎಂದು ಹಿಡಿದೂ ನಿಲ್ಲಿಸುತ್ತಿತ್ತು. ಸೈಕಲ್ ಮಳೆಗಾಲದಲ್ಲಿ ಕೈಕೊಟ್ಟರೆ? ಎರಡು ದಿನ ರಿಪೇರಿಗೆ ಹೋದರೂ ಸಾಕು, ಮಾಮಾ ಗೂಟದಿಂದ ಚಾವಿ ತೆಗೆಯುತ್ತಾರೆ. ಹಾಗೆ ಯೋಚಿಸಿದಾಗ ಒಳಗಿನದು. ಪುಣೆಗೆ ಕಳಿಸಬೇಕಾಗಿ ಬಂದರೆ ಎಂದು ಯೋಚಿಸಿದಾಗ ಹೊರಗಿನದು. ರಾತ್ರಿ ಒಂದಾದರೆ ಬೆಳಿಗ್ಗೆ ಇನ್ನೊಂದು. ಅವ್ವ ಒಮ್ಮೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಸೈಕಲ್ಲ ಅಲ್ಲೇನ? ಮನಿ ಕಟ್ಟಸಾಕತ್ತವರಂಗ ಮಾಡ್ತೀಯಲ್ಲ” ಎಂದಳು. ಮಾಮಾಗೆ ಮಾತು ಕೊಟ್ಟಿದ್ದೆ, ಕಾರಣ ಹೇಳುವಂತಿರಲಿಲ್ಲ.

ಮೇ ತಿಂಗಳ ಒಂದು ಗುರುವಾರ ಖಾನಾಪುರದ ಬಜಾರಿನಲ್ಲಿ ಒಬ್ಬ ಹುಡುಗಿ ಎಡಗಡೆಯ ಗಲ್ಲಿಯಿಂದ ಸೈಕಲ್ ಹೊಡೆದುಕೊಂಡು ಬಂದಳು. ಕ್ಯಾರಿಯರಿನಲ್ಲಿ ಹಾಲಿನ ಕ್ಯಾನು. ನಾನು ಅವಳನ್ನು ಕಂಡೆ. ಹೇಳಲು ಬಾಯಿ ತೆರೆದೆ, ಸುತ್ತು ಬಳಸಿದ ಮಾತು ಹುಡುಕುತ್ತಾ ಒಂದು ಕ್ಷಣ ಹೋಯಿತು. ಮಾಮಾ ನೇರ ಹೋಗುತ್ತಲೇ ಇದ್ದರು. ಅವರ ಅಂಗಿಯನ್ನು ಹಿಂದಿನಿಂದ ಜಗ್ಗಿದೆ. ಸ್ಕೂಟರ್ ಕಿರ್ ಎಂದು ನಿಂತಿತು. ಹುಡುಗಿಯ ಮುಂದಿನ ಗಾಲಿ ನಮ್ಮ ಗಾಡಿಯ ಫುಟ್‌ಬೋರ್ಡಿಗೆ ತಾಗಿ ನಿಂತಿತು.

“ಅಜ್ಜಾ, ಕಣ್ಣ ಎಲ್ಲಿಟ್ಟೀರಿ?” ಎಂದಳು ಅವಳು, ಕ್ಯಾನಿನ ಮುಚ್ಚಳ ನೋಡಿಕೊಳ್ಳುತ್ತಾ.

“ಮನ್ಯಾಗ ಬಿಟ್ಟ ಬಂದೀನವ್ವ” ಎಂದು ಮಾಮಾ ನಕ್ಕರು. ಅವಳೂ ನಕ್ಕಳು. ಅವಳು ಹೋದ ಮೇಲೆ ಅವರು ಕೂಡಲೇ ಗಾಡಿ ಎತ್ತಲಿಲ್ಲ. ಅಂಥ ಹೊತ್ತಿನಲ್ಲೂ ನನ್ನ ಹೆಬ್ಬೆರಳು ಟಕ್ ಎಂದು ಒಮ್ಮೆ ಒತ್ತಿತು. ಅಭ್ಯಾಸ ಅಂಥದು.

ಮರುದಿನ ಕಾರ್ಖಾನೆಯಿಂದಲೇ ಅಂಗಡಿಗೆ ಫೋನ್ ಮಾಡಿದೆ. ಹದಿನಾಲ್ಕು ನಿಲುಗಡೆಯ ದಾರಿಗೆ ಒಳಗಿನ ಗೇರೇ ಸರಿ, ತರಿಸಿಬಿಡಿ ಎಂದೆ.

“ಆರ ವಾರ ಆಗತೈತ್ರಿ ಪುಣೆದಿಂದ ಬರಾಕ.”

ಆರು ವಾರ. ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಮಳೆಯಲ್ಲಿ ಮಾಮಾ ಕನ್ನಡಕ ಒರೆಸಿಕೊಳ್ಳುತ್ತಾ ಒಂದೇ ಕೈಯಲ್ಲಿ ಗಾಡಿ ಓಡಿಸುವವರು. “ಅಷ್ಟ ದಿನಾ ಕಾಯಾಕ ಆಗೂದಿಲ್ರಿ” ಎಂದೆ.

ಅಂಗಡಿಯವರು ನಿಟ್ಟುಸಿರು ಬಿಟ್ಟರು. “ಒಂದ ಮಾತ ಹೇಳ್ತೀನಿ ಮ್ಯಾಡಮ್. ನೀವು ಪುಸ್ತಕದಾಗ ಬಾಳ ಓಡಿಸೀರಿ. ನಾಳೆ ಮುಂಜಾನೆ ಹೊತ್ತ ಹೊಂಡೂದಕ್ಕ ನಮ್ಮ ಟೆಂಪೊ ಖಾನಾಪುರಕ್ಕ ಹೊಂಟೈತಿ. ಹೊರಗಿನ ಗೇರಿಂದು ಡೆಮೋ ಸೈಕಲ್ ಹಾಕಿ ಕಳಸ್ತೀನಿ. ನಿಮ್ಮ ದಾರ್‍ಯಾಗ ಒಂದ ದಿನಾ ಖರೇ ಖರೇ ಓಡಸ್ರಿ. ಆಮ್ಯಾಲ ಹೇಳ್ರಿ, ತರಿಸೂಣು.”

ಶನಿವಾರ ಮಾಮಾ ಮಾಮಿ ಇಬ್ಬರೂ ಲೋಂಡಾದ ಸಂಬಂಧಿಕರ ಮನೆಯ ವಾಸ್ತುಶಾಂತಿಗೆಂದು ಹಿಂದಿನ ಸಂಜೆಯೇ ರೈಲಿನಲ್ಲಿ ಹೋಗಿದ್ದರು. ಇಲ್ಲದಿದ್ದರೆ ಮಾಮಾ ಖಂಡಿತ ನನ್ನ ಸೈಕಲ್ಲಿನ ಬೆನ್ನು ಹತ್ತುತ್ತಿದ್ದರು. ಸ್ಟೇಷನ್ನಿನ ಮುಂದೆ ಟೆಂಪೊದಿಂದ ಸೈಕಲ್ ಇಳಿಸಿಕೊಂಡೆ. ಸೀಟು ಎರಡು ಬೆರಳು ಇಳಿಸಿದೆ. ಎಣಿಕೆಯ ಯಂತ್ರವನ್ನು ಎಡಗೈಯ ಹೆಬ್ಬೆರಳಿಗೆ ಸಿಗುವಂತೆ ಹ್ಯಾಂಡಲ್ಲಿಗೆ ರಬ್ಬರ್‌ಬ್ಯಾಂಡಿನಿಂದ ಕಟ್ಟಿದೆ. ಅದೇ ಹೊತ್ತು, ಅದೇ ದಾರಿ, ಅದೇ ಕೆಲಸದ ದಿನ. ಹೋಲಿಸಲು ಇದಕ್ಕಿಂತ ಸರಿಯಾದ ಸಂದರ್ಭ ಸಿಗುವಂತಿರಲಿಲ್ಲ.

ಬಸ್‌ಸ್ಟ್ಯಾಂಡಿನಿಂದ ಒಂದು ಬಸ್ಸು ಹೊರಬರುತ್ತಿತ್ತು, ನಿಂತೆ. ಬಜಾರಿನ ಚೌಕಿನಲ್ಲಿ ನಿಂತೆ. ಮಲಪ್ರಭೆಯ ಸೇತುವೆಯ ಮೇಲೆ ಆಡುಗಳು ಬಂದವು, ನಿಂತೆ. ಅಲ್ಲಿ ಭಾರದ ಗೇರಿನಲ್ಲಿದ್ದೆ. ಹೊರಡುವಾಗ ಮೊದಲ ತುಳಿತಕ್ಕೆ ಸೈಕಲ್ ಜಗ್ಗಲೇ ಇಲ್ಲ, ಸೀಟಿನಿಂದ ಎದ್ದು ನಿಂತು ತುಳಿಯಬೇಕಾಯಿತು. ಸರಿಯಾಗಿದೆ, ಲೆಕ್ಕದ ಪ್ರಕಾರವೇ ಇದೆ ಎಂದುಕೊಂಡೆ. ಸೇತುವೆ ದಾಟಿದ ಮೇಲೆ ಮೋಟರು ಮೆತ್ತಗೆ ಗುಂಯ್ ಎನ್ನುತ್ತಾ ತಳ್ಳಿತು. ಅರಳಿ ಮರದ ತಿರುವು ಬಂತು, ಹೋಯಿತು. ಮೋರಿ ಬಂತು, ಹೋಯಿತು. ಏರು ಬಂತು; ಒಂದೊಂದೇ ಗೇರು ಇಳಿಸುತ್ತಾ ಹತ್ತಿದೆ. ಮಣ್ಣಿನ ಲಾರಿಯೊಂದು ಕಾರ್ಖಾನೆಯ ಗೇಟಿನಲ್ಲಿ ಅಡ್ಡ ನಿಂತಿತ್ತು; ನಿಂತೆ.

ಯಂತ್ರದಲ್ಲಿ ನಾಲ್ಕು ಎಂದಿತ್ತು.

ಒತ್ತಲು ಮರೆತಿರಬೇಕು ಎಂದು ಮೊದಲು ಅನಿಸಿತು. ಮನಸ್ಸಿನಲ್ಲೇ ದಾರಿಯನ್ನು ಹಿಂದಕ್ಕೆ ನಡೆದೆ, ಮರೆತಿರಲಿಲ್ಲ. ಸೈಕಲ್ ಸಣ್ಣದು, ಸಂದಿಯಲ್ಲಿ ನುಸುಳುತ್ತದೆ. ಅದಕ್ಕೆ ಒಂದೆರಡು ಕಳೆ. ಅಗೆದ ರಸ್ತೆ ಹಾಗೇ ಇತ್ತು. ಮದುವೆಯ ಗಾಡಿಗಳೂ ಇದ್ದವು. ಹದಿನಾಲ್ಕಕ್ಕೂ ನಾಲ್ಕಕ್ಕೂ ನಡುವಿನ ಹತ್ತು ಎಲ್ಲಿ ಹೋದವು?

ಮಧ್ಯಾಹ್ನ ಹಿಂದಿರುಗುವಾಗ ನಿಧಾನವಾಗಿ ಬಂದೆ. ಆಗ ಒಂದೊಂದಾಗಿ ಸಿಕ್ಕವು. ಮೋರಿಯ ಹತ್ತಿರ ಮಾಮಾ ದಿನಾ ನಿಂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು. ಕನ್ನಡಿ ಸಡಿಲಾಗಿದೆ ಎನ್ನುತ್ತಿದ್ದರು. ಅಲ್ಲಿ ಬಲಗಡೆಯಿಂದ ಹೊಲದ ದಾರಿಯೊಂದು ಬಂದು ಕೂಡುತ್ತದೆ. ಅರಳಿ ಮರದ ತಿರುವಿನಲ್ಲಿ ನಿಂತು ಮರಕ್ಕೆ ಕೈಮುಗಿಯುತ್ತಿದ್ದರು. ಆ ತಿರುವಿನ ಎಡಕ್ಕೆ ಒಂದು ಇಟ್ಟಿಗೆ ಭಟ್ಟಿ. ಟ್ರ್ಯಾಕ್ಟರುಗಳು ಅಲ್ಲಿಂದಲೇ ಬರುತ್ತವೆ. ಸೇತುವೆಯ ತುದಿಯಲ್ಲಿ ಫೋನ್ ಬಂತೆಂದು ಜೇಬು ತಡಕುತ್ತಿದ್ದರು. ಫೋನ್ ಬಂದದ್ದನ್ನು ನಾನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಬದಿಯಿಂದ ಏನಾದರೂ ಬರಬಹುದಾದ ಪ್ರತಿಯೊಂದು ಜಾಗದಲ್ಲೂ ಅವರು ನಿಲ್ಲುತ್ತಿದ್ದರು. ನಿಂತು, ಏನೋ ಒಂದು ನೆಪ ಮಾಡಿ, ಪೂರಾ ಕತ್ತು ತಿರುಗಿಸಿ ನೋಡಿ, ಆಮೇಲೆ ಹೊರಡುತ್ತಿದ್ದರು. ಮಾರ್ಚ್‌ನಲ್ಲಿ ಎಂಟು ಕಡೆ ಬೇಕಿತ್ತು. ಮೇ ಹೊತ್ತಿಗೆ ಹದಿನಾಲ್ಕು ಕಡೆ.

ನಾನು ಅದನ್ನು ದಿನಾ ಬರೆದುಕೊಂಡಿದ್ದೆ. ಗ್ರಾಫನ್ನೂ ಎಳೆದಿದ್ದೆ. ಅದರ ಅಡಿಯಲ್ಲಿ ಮದುವೆಗಳ ಕಾಲ ಎಂದು ಬರೆದಿದ್ದೆ.

ಮೋರಿಯ ಕಟ್ಟೆಯ ಮೇಲೆ ಕುಳಿತು ಅಂಗಡಿಗೆ ಫೋನ್ ಮಾಡಿದೆ. “ಈ ಸೈಕಲ್ಲನ್ನೇ ಕೊಡ್ರಿ” ಎಂದೆ.

“ಯಾವುದ್ರಿ? ಡೆಮೋದು? ಅದು ಹತ್ತ ಮಂದಿ ಓಡಸಿದ್ದು, ಬಾಜೂಕ ತರಚೈತ್ರಿ. ಹೊಸಾದ ಬೇಕಂದ್ರ ಹತ್ತ ದಿನಾ—”

“ಇದ ಇರಲಿ. ಇವತ್ತ.”

“ಒಳಗಿನ ಗೇರು?”

“ಬ್ಯಾಡ್ರಿ.”

“ನಾಕ ತಿಂಗಳ ನನ್ನ ತಲಿ ತಿಂದು, ಈಗ ನಿಂತ ಕಾಲ ಮ್ಯಾಲ ತರಚಿದ್ದ ಬೇಕಂತೀರಿ. ಆಯ್ತು, ಟೆಂಪೊದಂವಗ ಹೇಳ್ತೀನಿ, ಅದನ್ನ ವಾಪಸ್ ತರೂದ ಬ್ಯಾಡಂತ.”

ಭಾನುವಾರ ಮಧ್ಯಾಹ್ನ ಮಾಮಾ ಮಾಮಿ ಲೋಂಡಾದಿಂದ ಬಂದಾಗ ಅವರ ಪಡಸಾಲೆಯಲ್ಲಿ ಸೈಕಲ್ ನಿಂತಿತ್ತು. ಪಕ್ಕದ ಮನೆಯಲ್ಲಿ ಕೊಟ್ಟಿದ್ದ ಕೀಲಿಕೈ ಇಸಿದುಕೊಂಡು ನಾನೇ ಬಾಗಿಲು ತೆಗೆದಿದ್ದೆ. ಬ್ಯಾಟರಿ ಚಾರ್ಜಿಗೆ ಹಾಕಿತ್ತು. ಮಾಮಿ ಅದನ್ನು ಸುತ್ತಿ ಬಂದು, “ಛೊಲೋ ಐತಿ. ಇನ್ನ ಇವರಿಗೆ ಮುಂಜಾನೆ ಯಾವ ನೆವ ಸಿಗತೈತಿ ಹೊರಗ ಹೋಗಾಕ?” ಎಂದು ಚಹಾಕ್ಕೆ ಒಳಗೆ ಹೋದರು.

ಮಾಮಾ ಚಪ್ಪಲಿ ಬಿಟ್ಟು ನೆಲಕ್ಕೆ ಕುಳಿತರು. ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಮೇಲೆ ಬೆರಳು ಇಟ್ಟು, ಬೇರೆಲ್ಲೋ ನೋಡುತ್ತಾ, ಒಂದೊಂದನ್ನೇ ಸವರಿದರು.

“ಒಂಬತ್ತ ಗೇರು. ಮೂರನೇದು ಸವದೈತಿ. ಯಾರೋ ಅದರಾಗ ಬಾಳ ಓಡಸ್ಯಾರ.”

“ಡೆಮೋದು ಮಾಮಾ.”

“ನಡೀತೈತಿ. ಕೈಗೆ ಹತ್ತತೈತಿ.” ಬೆರಳನ್ನು ಮುಂದಿನ ಚಕ್ರಕ್ಕೆ ಸರಿಸಿ, “ನಿನ್ನೆ ಓಡಿಸಿದ್ಯಂತಲ್ಲ. ಎಷ್ಟ ಕಡೆ ನಿಂತಿ?” ಎಂದರು.

ಆ ಪ್ರಶ್ನೆ ಅವರಿಗೆ ಹೇಗೆ ಹೊಳೆಯಿತೆಂದು ನನಗೆ ತಿಳಿಯಲಿಲ್ಲ. “ನಾಲ್ಕು” ಎಂದೆ.

“ನನ್ನವು ಎಷ್ಟಿದ್ದು?”

“ಎಣಿಸಿಲ್ಲ ಮಾಮಾ.”

“ಸುಳ್ಳ ಹೇಳಾಕ ಬರೂದಿಲ್ಲ ನಿನಗ.” ಅವರ ಬೆರಳು ಇನ್ನೂ ಹಲ್ಲುಗಳ ಮೇಲಿತ್ತು. “ಕಣ್ಣ ಹೋಗ್ಯಾವ, ಕಿವಿ ಹೋಗಿಲ್ಲ. ಮೂರ ತಿಂಗಳಾತು, ನಾ ಗಾಡಿ ನಿಂದ್ರಸಿದಾಗೊಮ್ಮೆ ಬೆನ್ನ ಹಿಂದ ಟಕ್ ಅಂತೈತಿ.”

“ಅದು ಗೇರಿಗೆ ಮಾಮಾ. ದಾರಿ ಎಷ್ಟ ಸಲ ನಿಲ್ಲೂದೈತಿ ಅಂತ. ಪದೇ ಪದೇ ನಿಲ್ಲೂ ದಾರಿಗೆ ಒಳಗಿನ ಗೇರು ಛೊಲೋ ಅಂತ...”

ಅವರು ನನ್ನ ಕಡೆ ಪೂರಾ ತಿರುಗಿದರು. “ಗೇರಿಗೆ?”

“ಖರೇ ಮಾಮಾ, ಗೇರಿಗೆ.”

“ನಾ ಏನ್ ತಿಳದಿದ್ದೆ ಗೊತ್ತೇನು? ನನ್ನ ತಪ್ಪ ಎಣಸಾಕತ್ತಾಳ, ಒಂದ ದಿನಾ ಒಯ್ದು ಡಾಕ್ಟರ್ ಮುಂದ ಇಡ್ತಾಳ ಅಂತ. ಟಕ್ ಅಂದಾಗೊಮ್ಮೆ ಎದ್ಯಾಗ ಚುಚ್ಚಿದಂಗ ಆಗ್ತಿತ್ತು. ಅದಕ್ಕ ಹೆದರಿ ಇನ್ನೊಂದೆರಡ ಕಡೆ ಜಾಸ್ತಿನ ನಿಂತೀನಿ.”

ಹಾಗಾದರೆ ನನ್ನ ಎಣಿಕೆಯಲ್ಲಿ ಒಂದಷ್ಟು ನನ್ನ ಎಣಿಕೆಯಿಂದಲೇ ಹುಟ್ಟಿದ್ದು. ಎಷ್ಟು ಎಂದು ಈಗ ಬೇರ್ಪಡಿಸಲು ಬರುವುದಿಲ್ಲ. ನಾನು ಬಗ್ಗಿ, ಹಸಿರು ದೀಪ ಹತ್ತಿದ್ದ ಬ್ಯಾಟರಿಯನ್ನು ಚಾರ್ಜಿನಿಂದ ಕಿತ್ತೆ.

ಮಾಮಾ ಮೊಣಕಾಲಿಗೆ ಕೈಯೂರಿ ಎದ್ದರು. ಜೇಬಿನಿಂದ ಸ್ಕೂಟರಿನ ಚಾವಿ ತೆಗೆದು ಬಾಗಿಲ ಬದಿಯ ಗೋಡೆಗೆ ಹೋದರು. ಗೂಟ ಎಲ್ಲಿದೆಯೆಂದು ಅಂಗೈಯಿಂದ ಗೋಡೆ ಸವರಿ ಹುಡುಕಿ, ಸಿಕ್ಕ ಮೇಲೆ ಚಾವಿ ತೂಗುಹಾಕಿದರು. ಒಳಗಿನಿಂದ ಮಾಮಿ, “ಸಕ್ಕರಿ ಎಷ್ಟು?” ಎಂದು ಕೂಗಿದರು. “ಎರಡ” ಎಂದರು ಮಾಮಾ.

ಈಗ ಎರಡನೆಯ ಮಳೆಗಾಲ. ನಾನು ಹೇಳಿದಂತೆಯೇ ಮಣ್ಣು ಹಲ್ಲುಗಳ ನಡುವೆ ಕೂಡುತ್ತದೆ. ಸಂಜೆ ಸೈಕಲ್ ಬಿಟ್ಟು ರೈಲಿಗೆ ಹೊರಟರೆ ಮಾಮಾ ಸೀಮೆಎಣ್ಣೆಯ ಬಟ್ಟೆ ಹಿಡಿದು ಪಡಸಾಲೆಯಲ್ಲಿ ಕುಳಿತಿರುತ್ತಾರೆ. ಬೆಳಿಗ್ಗೆ ಚೈನು ಸ್ವಚ್ಛವಾಗಿರುತ್ತದೆ. ಎಣಿಕೆಯ ಯಂತ್ರವನ್ನು ಕಾರ್ಖಾನೆಗೆ ಹಿಂದಿರುಗಿಸಿದ್ದೇನೆ.

ಒಂದು ಮಾತ್ರ ಸರಿಹೋಗಿಲ್ಲ. ಅರಳಿ ಮರದ ತಿರುವಿನಲ್ಲಿ ನಾನು ನಿಲ್ಲುತ್ತೇನೆ. ಎರಡೂ ಕಡೆ ನನಗೆ ಕಾಣುತ್ತದೆ, ಭಟ್ಟಿಯ ದಾರಿ ಹೆಚ್ಚಿನ ದಿನ ಖಾಲಿ ಇರುತ್ತದೆ. ಆದರೂ ಅಲ್ಲಿಗೆ ಬಂದಾಗ ಬ್ರೇಕಿಗೆ ಕೈ ಹೋಗಿ, ಕಾಲು ನೆಲಕ್ಕೆ ತಾಗುತ್ತದೆ. ಪ್ರತಿ ಸಲವೂ ಥಟ್ಟನೆ ನಿಲ್ಲುವುದರಿಂದ ಗೇರು ಇಳಿಸಿಕೊಂಡಿರುವುದಿಲ್ಲ. ಸೀಟಿನಿಂದ ಎದ್ದು, ಭಾರದ ಗೇರಿನಲ್ಲೇ ತುಳಿದು ಹೊರಡುತ್ತೇನೆ.